ಗಾಯ ಮಾಗಿದ ಮೇಲೂ ಮಾಗದ ನೋವು: ದಿನಚರಿ ಏಕೆ ಚಿಕಿತ್ಸೆಯಾಗುತ್ತದೆ

ಕಾಲು ಉಳುಕಿದ ಕ್ಷಣದಲ್ಲಿ ಬರುವ ನೋವಿಗೂ, ಉಳುಕು ಸರಿಹೋಗಿ ವರ್ಷ ಕಳೆದ ಮೇಲೂ ಅದೇ ಜಾಗದಲ್ಲಿ ಕಾಡುತ್ತಿರುವ ನೋವಿಗೂ ಹೆಸರೊಂದೇ ಆದರೂ ಸ್ವಭಾವ ಒಂದೇ ಅಲ್ಲ. ಮೊದಲನೆಯದು ದೇಹದ ಎಚ್ಚರಿಕೆ. ಇಲ್ಲಿ ಪೆಟ್ಟಾಗಿದೆ, ಸ್ವಲ್ಪ ಕಾಲ ಈ ಕಾಲಿನ ಮೇಲೆ ಭಾರ ಹಾಕಬೇಡ ಎಂದು ಅದು ಹೇಳುತ್ತದೆ. ನಾವು ಕೇಳುತ್ತೇವೆ, ಗಾಯ ಮಾಗುತ್ತದೆ, ನೋವು ತಾನಾಗಿಯೇ ಹಿಂದೆ ಸರಿಯುತ್ತದೆ. ಎರಡನೆಯದು, ಎಚ್ಚರಿಸುವ ಕಾರಣ ಕಡಿಮೆಯಾದ ಮೇಲೂ ನಿಲ್ಲದೆ ಮೊಳಗುತ್ತಿರುವ ಗಂಟೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ನೋವು ಎಂದು ಕರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಇಂತಹ ನೋವಿಗೆ ಅದರಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ನೋವು ಬೇರೊಂದು ಕಾಯಿಲೆಯ ಲಕ್ಷಣ ಮಾತ್ರವಲ್ಲ, ಕೆಲವೊಮ್ಮೆ ಅದೇ ಒಂದು ಕಾಯಿಲೆ ಎಂಬ ಮಾತಿಗೆ ಹೀಗೆ ಅಧಿಕೃತ ಮನ್ನಣೆ ಸಿಕ್ಕಿತು.

ಇಂತಹ ನೋವಿರುವವರು ವೈದ್ಯರ ಬಳಿ ಹೋದಾಗ, ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಔಷಧಿ ಚೀಟಿಯ ಕೊನೆಗೆ ಅಂಟಿಸಿದಂತೆ ಒಂದು ಸಲಹೆ ಸಿಗುವುದುಂಟು: ವ್ಯಾಯಾಮ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ತೂಕ ಇಳಿಸಿ, ಚಿಂತೆ ಬಿಡಿ. ರಾತ್ರಿ ಮಗ್ಗುಲು ಬದಲಿಸಲೂ ಹೆದರುವ ಮನುಷ್ಯನಿಗೆ ಈ ಮಾತು ಚಿಕಿತ್ಸೆಯಂತೆ ಕೇಳಿಸುವುದಿಲ್ಲ. ನಿನ್ನ ನೋವಿಗೆ ನೀನೇ ಹೊಣೆ ಎಂದಂತೆ ಕೇಳಿಸುತ್ತದೆ. ಸಲಹೆಯಲ್ಲಿ ತಪ್ಪಿಲ್ಲ, ಅದನ್ನು ಕೊಡುವ ಕ್ರಮದಲ್ಲಿ ತಪ್ಪಿದೆ ಎಂದು ನಾನು ನಂಬಿದ್ದೇನೆ. ನೋವು ಹೇಗೆ ಹುಟ್ಟುತ್ತದೆ, ಹೇಗೆ ಬೇರೂರುತ್ತದೆ ಎಂಬುದನ್ನು ಮೊದಲು ತಿಳಿಸಿದರೆ, ನಡಿಗೆಯೂ ನಿದ್ದೆಯೂ ಔಷಧಿಯ ಜೊತೆಗಿನ ಉಪದೇಶವಾಗಿ ಉಳಿಯದೆ, ನೋವನ್ನು ಹುಟ್ಟಿಸುತ್ತಿರುವ ವ್ಯವಸ್ಥೆಯನ್ನೇ ನೇರವಾಗಿ ಮುಟ್ಟುವ ಚಿಕಿತ್ಸೆಯಾಗಿ ಕಾಣಿಸತೊಡಗುತ್ತವೆ.

ನೋವು ಹುಟ್ಟುವ ಜಾಗ

17ನೆಯ ಶತಮಾನದ ಫ್ರೆಂಚ್ ತತ್ವಜ್ಞಾನಿ ರೆನೆ ಡೆಕಾರ್ಟ್ ನೋವನ್ನು ಗಂಟೆಯ ಹಗ್ಗಕ್ಕೆ ಹೋಲಿಸಿದ್ದ. ಕಾಲಿಗೆ ಬೆಂಕಿ ತಗುಲಿದರೆ ನರವೆಂಬ ಹಗ್ಗ ಜಗ್ಗುತ್ತದೆ, ಮಿದುಳಿನಲ್ಲಿ ಗಂಟೆ ಬಾರಿಸುತ್ತದೆ; ಎಷ್ಟು ಜೋರಾಗಿ ಜಗ್ಗಿದರೆ ಅಷ್ಟು ಜೋರಾದ ಸದ್ದು. ಇಂದಿಗೂ ನಮ್ಮಲ್ಲಿ ಹೆಚ್ಚಿನವರು ನೋವನ್ನು ಊಹಿಸಿಕೊಳ್ಳುವುದು ಹೀಗೆಯೇ. ಆದರೆ ಈ ಚಿತ್ರಕ್ಕೆ ಹೊಂದದ ಸಂಗತಿಗಳು ಬಹಳ ಹಿಂದಿನಿಂದಲೂ ವೈದ್ಯರ ಕಣ್ಣಿಗೆ ಬಿದ್ದಿದ್ದವು. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಹೆಚ್ಚಿನವರು ನೋವು ನಿವಾರಕ ಬೇಡವೆಂದದ್ದನ್ನು 1946ರಲ್ಲಿ ದಾಖಲಿಸಿದರು. ಇನ್ನೊಂದು ತುದಿಯಲ್ಲಿ, ಕತ್ತರಿಸಿ ತೆಗೆದ ಕಾಲಿನ ಹೆಬ್ಬೆರಳು ಉರಿಯುತ್ತದೆ ಎಂದು ನರಳುವವರಿದ್ದಾರೆ. ಒಂದು ಕಡೆ ಗಾಯವಿದೆ, ನೋವಿಲ್ಲ. ಇನ್ನೊಂದು ಕಡೆ ನೋವಿದೆ, ನೋಯಬೇಕಾದ ಅಂಗವೇ ಇಲ್ಲ.

1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ಒಂದು ದ್ವಾರವಿರುವಂತೆ ಕಲ್ಪಿಸಿ ಇದಕ್ಕೆ ಉತ್ತರ ಹುಡುಕಿದರು. ದೇಹದಿಂದ ಬರುವ ಅಪಾಯದ ಸಂಕೇತಗಳೆಲ್ಲ ನೇರವಾಗಿ ಮಿದುಳನ್ನು ತಲುಪುವುದಿಲ್ಲ; ಸ್ಪರ್ಶದ ಸಂಕೇತಗಳೂ, ಮಿದುಳಿನಿಂದ ಕೆಳಗಿಳಿಯುವ ಆದೇಶಗಳೂ ಆ ದ್ವಾರವನ್ನು ಅಗಲಿಸಬಲ್ಲವು, ಕಿರಿದಾಗಿಸಬಲ್ಲವು. ಮಂಡಿ ತಗುಲಿದ ಕೂಡಲೇ ಯಾರೂ ಹೇಳಿಕೊಡದೆ ಕೈ ಹೋಗಿ ಉಜ್ಜುವುದರ ಹಿಂದೆ ಈ ಕಾರ್ಯವಿಧಾನವೇ ಇದೆ. ಆ ಸಿದ್ಧಾಂತದ ವಿವರಗಳು ಮುಂದೆ ಬದಲಾದರೂ ಅದರ ತಿರುಳು ಉಳಿದುಕೊಂಡಿತು: ಅಂಗಾಂಶದಿಂದ ಬರುವುದು ಅಪಾಯದ ಸುದ್ದಿ, ನೋವು ಆ ಸುದ್ದಿಯನ್ನು ನರಮಂಡಲ ತೂಗಿ ನೋಡಿ ಕೊಡುವ ತೀರ್ಮಾನ. ಆ ತೂಕದಲ್ಲಿ ಹಿಂದಿನ ಅನುಭವ, ಈಗಿನ ಭಯ, ನಿನ್ನೆಯ ನಿದ್ದೆ, ಮೈಯಲ್ಲಿರುವ ಉರಿಯೂತ ಎಲ್ಲವೂ ಸೇರುತ್ತವೆ. ನೋವಿನ ಅಧ್ಯಯನಕ್ಕೆ ಮೀಸಲಾದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆ ಕೂಡ ನೋವನ್ನು ಸಂವೇದನೆಯೂ ಭಾವನೆಯೂ ಬೆರೆತ ಅಹಿತಕರ ಅನುಭವ ಎಂದೇ ಹೇಳುತ್ತದೆ. ಅಂಗಾಂಶಕ್ಕೆ ಹಾನಿಯಾಗಿರಲೇಬೇಕು ಎಂಬ ಷರತ್ತನ್ನು ಅದು ಹಾಕುವುದಿಲ್ಲ.

ನೋವು ದೀರ್ಘವಾದಾಗ ಈ ತೂಗುವ ವ್ಯವಸ್ಥೆಯೇ ಬದಲಾಗುತ್ತದೆ. ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಗಾಯದ ನಂತರ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಸೂಕ್ಷ್ಮವಾಗುವುದನ್ನು ತೋರಿಸಿಕೊಟ್ಟರು. ಪದೇ ಪದೇ ಸಂಕೇತ ಬಂದ ದಾರಿಯಲ್ಲಿ ಮುಂದಿನ ಸಂಕೇತ ಸಲೀಸಾಗಿ ಸಾಗುತ್ತದೆ. ಜನ ನಡೆದು ನಡೆದು ಕಾಲುದಾರಿ ಸವೆದು ಅಗಲವಾದಂತೆ. ಆಗ ಸಣ್ಣ ಒತ್ತಡವೂ ದೊಡ್ಡ ನೋವಾಗುತ್ತದೆ, ನೋಯಬಾರದ ಸ್ಪರ್ಶವೂ ನೋಯುತ್ತದೆ, ಒಂದು ಜಾಗದ ನೋವು ಅಕ್ಕಪಕ್ಕಕ್ಕೆ ಹರಡುತ್ತದೆ. ಜೊತೆಗೆ, ಮಿದುಳಿನಿಂದ ಕೆಳಗಿಳಿದು ನೋವನ್ನು ತಗ್ಗಿಸಬೇಕಾದ ಸಂಕೇತಗಳು ದುರ್ಬಲವಾಗುತ್ತವೆ. ಇದನ್ನೇ ಕೇಂದ್ರ ಸಂವೇದನಾಶೀಲತೆ ಎನ್ನುತ್ತಾರೆ. ಹಳೆಯ ಸೊಂಟನೋವು, ಮೈಕೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ, ಮರಳಿ ಬರುವ ತಲೆನೋವು, ಕರುಳಿನ ಸೆಳೆತದ ಕಾಯಿಲೆ ಮುಂತಾದ ಬೇರೆ ಬೇರೆ ಹೆಸರಿನ ತೊಂದರೆಗಳ ಅಡಿಯಲ್ಲಿ ಇದರ ಪಾತ್ರ ಸ್ವಲ್ಪವೋ ಹೆಚ್ಚೋ ಇರುತ್ತದೆ.

ಇದನ್ನು ಒಪ್ಪಿಕೊಳ್ಳಲು ಅಡ್ಡಿಯಾಗುವುದು ಸ್ಕ್ಯಾನ್ ವರದಿ. ಬೆನ್ನಿನ ಎಂಆರ್‌ಐ ವರದಿಯಲ್ಲಿ ಡಿಸ್ಕ್, ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ, ಸವೆದಿದೆ ಎಂದು ಬರೆದದ್ದನ್ನು ಓದಿದವರು ತಮ್ಮ ಬೆನ್ನು ಈಗಲೋ ಆಗಲೋ ಮುರಿಯಬಹುದಾದ ಕಂಬ ಎಂದು ಭಾವಿಸಿಬಿಡುತ್ತಾರೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲಿ ಶೇ 37ರಷ್ಟು ಜನರಲ್ಲೂ, ಎಂಬತ್ತರ ವಯಸ್ಸಿನವರಲ್ಲಿ ಶೇ 96ರಷ್ಟು ಜನರಲ್ಲೂ ಡಿಸ್ಕ್ ಸವೆತ ಕಂಡುಬಂದಿತ್ತು. ಇವರಾರಿಗೂ ನೋವಿರಲಿಲ್ಲ. ತಲೆಗೂದಲು ನರೆಯುವಂತೆ ಬೆನ್ನಿನ ಒಳಗೂ ವಯಸ್ಸು ಗುರುತು ಮಾಡುತ್ತದೆ. ಆ ಗುರುತುಗಳೆಲ್ಲ ನೋವಿನ ಮೂಲವಲ್ಲ.

ಇಷ್ಟು ಓದಿದವರಿಗೆ ಒಂದು ಸಂದೇಹ ಬರುವುದು ಸಹಜ: ಹಾಗಾದರೆ ನೋವೆಲ್ಲ ಮನಸ್ಸಿನ ಭ್ರಮೆಯೇ? ಖಂಡಿತ ಅಲ್ಲ. ನರಮಂಡಲವೂ ದೇಹವೇ, ಅದರಲ್ಲಾಗುವ ಬದಲಾವಣೆ ಮೂಳೆ ಮುರಿತದಷ್ಟೇ ವಾಸ್ತವವಾದದ್ದು, ಎಕ್ಸ್‌ರೇಯಲ್ಲಿ ಕಾಣಿಸದಿದ್ದರೂ. ಆದರೆ ಮುಖ್ಯವಾದ ಮಾತು ಬೇರೆ ಇದೆ. ಕೀಲುಗಳಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ಮೃದ್ವಸ್ಥಿ ಸವೆದರೆ ಅದನ್ನು ಮೊದಲಿನಂತಾಗಿಸುವುದು ನಮ್ಮ ಕೈಯಲ್ಲಿಲ್ಲ. ನರಮಂಡಲ ಹಾಗಲ್ಲ, ಅದು ಕಲಿಯುತ್ತಲೇ ಇರುತ್ತದೆ. ನೋಯುವುದನ್ನು ಕಲಿತ ವ್ಯವಸ್ಥೆಗೆ ಸುರಕ್ಷಿತವಾಗಿರುವುದನ್ನೂ ಕಲಿಸಬಹುದು. ಕಲಿಸುವ ದಾರಿಗಳು ದಿನಚರಿಯೊಳಗೇ ಇವೆ.

ಚಲನೆ: ಎಷ್ಟು, ಹೇಗೆ

ಇವುಗಳಲ್ಲಿ ಅತ್ಯಂತ ಬಲವಾದ ಪುರಾವೆಯಿರುವುದೂ, ಅತ್ಯಂತ ಹೆಚ್ಚು ತಪ್ಪು ರೀತಿಯಲ್ಲಿ ಪ್ರಾರಂಭವಾಗುವುದೂ ದೈಹಿಕ ಚಟುವಟಿಕೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರನ್ನು ಕಾಡುತ್ತಿದ್ದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ನೋವಿನ ಬಗೆಗಿನ ತಿಳಿವಳಿಕೆ, ವ್ಯಾಯಾಮ, ಮನೋವೈಜ್ಞಾನಿಕ ನೆರವು ಮುಂತಾದವನ್ನು ಅದು ಶಿಫಾರಸು ಮಾಡಿತು. ಸೊಂಟದ ಪಟ್ಟಿ, ಎಳೆತದ ಚಿಕಿತ್ಸೆ, ಅಫೀಮು ವರ್ಗದ ಔಷಧಿಗಳು ವಾಡಿಕೆಯ ಚಿಕಿತ್ಸೆಯಾಗಿ ಬೇಡವೆಂದಿತು. ಚಲನೆಯಿಂದ ಸ್ನಾಯು ಬಲಗೊಳ್ಳುವುದು, ಕೀಲಿನ ಬಿಗಿತ ಸಡಿಲಗೊಳ್ಳುವುದು ಮಾತ್ರವಲ್ಲ; ವ್ಯಾಯಾಮದ ವೇಳೆ ದೇಹವೇ ತಯಾರಿಸುವ ನೋವು ತಗ್ಗಿಸುವ ರಾಸಾಯನಿಕಗಳು ಬಿಡುಗಡೆಯಾಗುತ್ತವೆ, ನಿದ್ದೆ ಆಳವಾಗುತ್ತದೆ, ಮತ್ತು ಇವೆಲ್ಲಕ್ಕಿಂತ ಮಿಗಿಲಾಗಿ, ಬಾಗಿದರೂ ಏನೂ ಆಗಲಿಲ್ಲ ಎಂಬ ಪುರಾವೆ ಪ್ರತಿ ಬಾರಿಯೂ ಮಿದುಳಿಗೆ ತಲುಪುತ್ತದೆ.

ಈ ಪುರಾವೆ ತಲುಪದಂತೆ ತಡೆಯುವುದು ಭಯ. ಒಮ್ಮೆ ಬಾಗಿದಾಗ ಚಳುಕು ಬಂದವರು ಮತ್ತೆ ಬಾಗುವುದಿಲ್ಲ. ಬಾಗದೆ ಇದ್ದುದರಿಂದ ಬೆನ್ನಿನ ಸ್ನಾಯುಗಳು ಸೊರಗುತ್ತವೆ, ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ದಣಿದು ನೋಯುತ್ತದೆ, ಆ ನೋವು ಮೊದಲಿನ ಭಯವೇ ಸರಿಯೆಂದು ಸಾಕ್ಷಿ ಹೇಳುತ್ತದೆ. ಸುತ್ತು ಬಿಗಿಯಾಗುತ್ತಾ ಹೋಗಿ, ಮಾಡಬಲ್ಲ ಕೆಲಸಗಳ ಪಟ್ಟಿ ಕಿರಿದಾಗುತ್ತಾ ಬರುತ್ತದೆ. ಹೊಸದಾಗಿ ಮುರಿದ ಮೂಳೆಗೆ ವಿಶ್ರಾಂತಿ ಔಷಧಿ; ವರ್ಷ ಕಳೆದ ನೋವಿಗೆ ಅದೇ ವಿಶ್ರಾಂತಿ ಅನೇಕ ವೇಳೆ ಗೊಬ್ಬರ.

ಇದಕ್ಕೆ ತದ್ವಿರುದ್ಧವಾಗಿ ಕಾಣುವ, ಆದರೆ ಅಷ್ಟೇ ಹಾನಿ ಮಾಡುವ ಇನ್ನೊಂದು ರೂಢಿಯಿದೆ. ನೋವು ಕಡಿಮೆಯಿರುವ ದಿನ, ಬಾಕಿ ಬಿದ್ದ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸುವುದು, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುವುದು. ಹಾಸಿಗೆ ಹಿಡಿದ ದಿನಗಳ ಕೊರಗಿನಿಂದ ಮುಂದಿನ ಒಳ್ಳೆಯ ದಿನ ಇನ್ನೂ ಹೆಚ್ಚು ಎಳೆದುಕೊಳ್ಳುವುದು. ಕರ್ತವ್ಯಪ್ರಜ್ಞೆಯಿರುವವರು, ಮನೆಯನ್ನೋ ಕಚೇರಿಯನ್ನೋ ಹೊತ್ತುಕೊಂಡವರು ಹೆಚ್ಚಾಗಿ ಸಿಕ್ಕಿಬೀಳುವುದು ಈ ಏರಿಳಿತದಲ್ಲಿ. ಇಲ್ಲಿ ಎಷ್ಟು ಕೆಲಸ ಮಾಡಬೇಕೆಂಬುದನ್ನು ನೋವೇ ತೀರ್ಮಾನಿಸುತ್ತಿರುತ್ತದೆ. ಆ ಅಧಿಕಾರವನ್ನು ನೋವಿನಿಂದ ಗಡಿಯಾರಕ್ಕೆ ವರ್ಗಾಯಿಸುವುದು ಪರಿಹಾರದ ಮೊದಲ ಹೆಜ್ಜೆ.

ಅದನ್ನು ಮಾಡುವ ಬಗೆ ಸರಳವಾಗಿದೆ. ಒಬ್ಬರು ನಡಿಗೆಯನ್ನು ಆರಿಸಿಕೊಂಡರು ಎಂದಿಟ್ಟುಕೊಳ್ಳಿ. ಮೂರು ದಿನ, ಒಂದು ಒಳ್ಳೆಯ ದಿನವೂ ಒಂದು ಕೆಟ್ಟ ದಿನವೂ ಸೇರಿದಂತೆ, ನೋವು ಗಮನಾರ್ಹವಾಗಿ ಕೆರಳುವ ಮೊದಲು ಎಷ್ಟು ನಿಮಿಷ ನಡೆಯಲಾಯಿತು ಎಂದು ಬರೆದಿಡಬೇಕು. 14, 6, 10 ನಿಮಿಷ ಬಂದರೆ ಸರಾಸರಿ 10. ಅದಕ್ಕಿಂತ ಐದನೆಯ ಒಂದು ಭಾಗ ಕಡಿಮೆ, ಅಂದರೆ 8 ನಿಮಿಷ, ಅವರ ಆರಂಭದ ಅಳತೆ. ಇನ್ನು ಮುಂದೆ ಒಳ್ಳೆಯ ದಿನವೂ 8 ನಿಮಿಷ, ಕೆಟ್ಟ ದಿನವೂ 8 ನಿಮಿಷ. ಒಳ್ಳೆಯ ದಿನ ಇನ್ನೂ ನಡೆಯಬಲ್ಲೆ ಎನಿಸಿದಾಗ ನಿಲ್ಲಿಸುವುದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ, ಅದರ ಲಾಭವಿರುವುದೂ ಅಲ್ಲಿಯೇ. ವಾರವೊಂದು ಹೀಗೆ ಸರಾಗವಾಗಿ ಸಾಗಿದ ಮೇಲೆ ಒಂದು ನಿಮಿಷ ಸೇರಿಸಬಹುದು. ಸಾಗದಿದ್ದರೆ ಅಲ್ಲೇ ಉಳಿಯಬಹುದು. ನಿಂತು ಮಾಡುವ ಅಡುಗೆ, ಕುಳಿತು ಮಾಡುವ ಬರವಣಿಗೆ, ಮೆಟ್ಟಿಲು ಹತ್ತುವುದು ಯಾವುದಕ್ಕಾದರೂ ಇದೇ ಲೆಕ್ಕ ಅನ್ವಯಿಸುತ್ತದೆ. ದೊಡ್ಡ ಕೆಲಸವನ್ನು ತುಂಡು ತುಂಡಾಗಿಸಿ, ನೋವು ಬರುವ ಮೊದಲೇ ನಡುವೆ ಬಿಡುವು ಇಡುವುದೂ ಇದರ ಭಾಗವೇ.

ಹೊಸ ಚಟುವಟಿಕೆಯ ಮೊದಲ ವಾರಗಳಲ್ಲಿ ನೋವು ಸ್ವಲ್ಪ ಹೆಚ್ಚುವುದು ಸಾಮಾನ್ಯ. ಬಹಳ ಕಾಲ ದುಡಿಯದ ಸ್ನಾಯು ದುಡಿದಾಗ ಹಾಗೆ ನೋಯುತ್ತದೆ. ಆ ಹೆಚ್ಚಳ ಸಹಿಸಬಲ್ಲಷ್ಟಿದ್ದು ಒಂದು ದಿನದೊಳಗೆ ಹಿಂದಿನ ಮಟ್ಟಕ್ಕೆ ಇಳಿದರೆ ಅದು ಹಾನಿಯ ಲಕ್ಷಣವಲ್ಲ. ಎರಡು ಮೂರು ದಿನ ಉಳಿದರೆ ಅಳತೆ ಹೆಚ್ಚಾಯಿತೆಂದು ತಿಳಿದು ಇಳಿಸಬೇಕೇ ಹೊರತು ಪೂರ್ತಿ ನಿಲ್ಲಿಸಬಾರದು. ಯಾವ ವ್ಯಾಯಾಮ ಶ್ರೇಷ್ಠ ಎಂಬ ಪ್ರಶ್ನೆಗೆ ನಿರಾಶೆ ತರುವಷ್ಟು ಸರಳ ಉತ್ತರವಿದೆ: ನಡಿಗೆ, ಈಜು, ಸೈಕಲ್, ಯೋಗ, ತೈ ಚಿ, ಹಗುರ ತೂಕ ಎತ್ತುವುದು, ಇವುಗಳ ನಡುವೆ ದೀರ್ಘಕಾಲಿಕ ನೋವಿನ ಮಟ್ಟಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆರು ತಿಂಗಳ ನಂತರವೂ ಯಾವುದನ್ನು ಮಾಡುತ್ತಿರುತ್ತೀರೋ ಅದೇ ನಿಮ್ಮ ಪಾಲಿಗೆ ಸರಿಯಾದದ್ದು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ ಗುರಿಯನ್ನು ಕಂಡು ಎದೆಗುಂದಬೇಕಿಲ್ಲ. ಏನೂ ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ಮೇಲು ಎಂಬ ಮಾತನ್ನು ಆ ಮಾರ್ಗಸೂಚಿಯೇ ಹೇಳುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಅಲ್ಪ ಶ್ರಮದ ನಂತರವೂ ದಿನಗಟ್ಟಲೆ ಪೂರ್ತಿ ಕುಸಿದುಹೋಗುವ, ಮಯಾಲ್ಜಿಕ್ ಎನ್ಸೆಫಲೊಮಯಲೈಟಿಸ್ ಎಂಬ ದೀರ್ಘಕಾಲಿಕ ಬಳಲಿಕೆಯ ಕಾಯಿಲೆಯಿರುವವರಿಗೆ ಹೀಗೆ ಹಂತಹಂತವಾಗಿ ಏರಿಸುವ ಕ್ರಮ ಹಾನಿ ಮಾಡಬಲ್ಲದು. ರುಮಟಾಯ್ಡ್ ಸಂಧಿವಾತದಂತಹ ಕಾಯಿಲೆಗಳಲ್ಲಿ ಉರಿಯೂತವನ್ನು ಹತೋಟಿಗೆ ತರುವ ಔಷಧಿಯೇ ಮೊದಲು, ವ್ಯಾಯಾಮ ಅದರ ಜೊತೆಗೆ. ಆದ್ದರಿಂದ ರೋಗನಿರ್ಣಯ ಸ್ಪಷ್ಟವಾಗುವ ಮುನ್ನ ದಿನಚರಿಯ ಪ್ರಯೋಗಕ್ಕೆ ಇಳಿಯುವುದು ಸರಿಯಲ್ಲ.

ನಿದ್ದೆ

ನೋವಿನಿಂದ ನಿದ್ದೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟದ್ದರಿಂದ ನೋವು ಹೆಚ್ಚುತ್ತದೆ ಎಂಬ ದಿಕ್ಕು ಅದಕ್ಕಿಂತ ಪ್ರಬಲವಾದದ್ದೆಂದು ದೀರ್ಘ ಕಾಲ ಜನರನ್ನು ಹಿಂಬಾಲಿಸಿದ ಅಧ್ಯಯನಗಳು ಸೂಚಿಸುತ್ತವೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಮಹಿಳೆಯರನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನವರನ್ನು ರಾತ್ರಿಯಿಡೀ ಮತ್ತೆ ಮತ್ತೆ ಎಬ್ಬಿಸಲಾಯಿತು. ಇನ್ನೊಂದು ಗುಂಪಿನವರಿಗೆ ಅಷ್ಟೇ ಒಟ್ಟು ನಿದ್ದೆಯನ್ನು ತುಂಡಾಗದಂತೆ ಒಟ್ಟಿಗೆ ಕೊಡಲಾಯಿತು. ನೋವನ್ನು ತಾನೇ ತಗ್ಗಿಸಿಕೊಳ್ಳುವ ದೇಹದ ಶಕ್ತಿ ಕುಗ್ಗಿದ್ದು ತುಂಡು ನಿದ್ದೆಯವರಲ್ಲಿ. ಎಷ್ಟು ಗಂಟೆ ಮಲಗಿದೆವು ಎಂಬುದಷ್ಟೇ ಅಲ್ಲ, ಎಷ್ಟು ಅಖಂಡವಾಗಿ ಮಲಗಿದೆವು ಎಂಬುದೂ ನೋವಿಗೆ ಸಂಬಂಧಿಸಿದ್ದು.

ಹೀಗಿರುವಾಗ ನೋವು ಹೋದ ಮೇಲೆ ನಿದ್ದೆ ತಾನಾಗಿ ಬರುತ್ತದೆ ಎಂದು ಕಾಯುವುದಕ್ಕಿಂತ ನಿದ್ದೆಯನ್ನು ನೇರವಾಗಿ ಸರಿಪಡಿಸಲು ತೊಡಗುವುದು ಬುದ್ಧಿವಂತಿಕೆ. ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯರು ಮೊದಲು ಸೂಚಿಸುವುದು ಮಾತ್ರೆಯನ್ನಲ್ಲ, ಅರಿವು ಮತ್ತು ವರ್ತನೆಯನ್ನು ತಿದ್ದುವ ಒಂದು ಕ್ರಮವನ್ನು. ಅದರ ಬೆನ್ನೆಲುಬು ಏಳುವ ಸಮಯ: ರಾತ್ರಿ ಹೇಗೇ ಕಳೆದಿರಲಿ, ರಜೆಯ ದಿನವೇ ಆಗಿರಲಿ, ಬೆಳಿಗ್ಗೆ ಏಳುವ ಗಳಿಗೆ ಬದಲಾಗಬಾರದು. ಮಲಗಿ ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಜಾಗದಲ್ಲಿ, ಮಂದ ಬೆಳಕಿನಲ್ಲಿ, ಮನಸ್ಸನ್ನು ಕೆರಳಿಸದ ಏನನ್ನಾದರೂ ಮಾಡಿ, ಕಣ್ಣು ಎಳೆಯತೊಡಗಿದ ಮೇಲೆ ಮರಳಬೇಕು. ನಿದ್ದೆಯಿಲ್ಲದೆ ಹೊರಳಾಡಿದ ರಾತ್ರಿಗಳು ಹಾಸಿಗೆಗೂ ಸಂಕಟಕ್ಕೂ ಗಂಟು ಹಾಕಿರುತ್ತವೆ. ಈ ಗಂಟನ್ನು ಬಿಚ್ಚುವುದು ಆ ನಿಯಮದ ಉದ್ದೇಶ. ಹಗಲಿಡೀ ಹಾಸಿಗೆಯ ಮೇಲೆಯೇ ಕುಳಿತು ಊಟ, ಓದು, ಫೋನ್ ಎಲ್ಲವನ್ನೂ ನಡೆಸುವುದು ನೋವಿರುವವರಲ್ಲಿ ಬಹಳ ಸಾಮಾನ್ಯ. ಅದನ್ನು ಬಿಡುವುದೊಂದೇ ಕೆಲವರಿಗೆ ದೊಡ್ಡ ಬದಲಾವಣೆ ತರುತ್ತದೆ. ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡ. ಮದ್ಯ ಬೇಗ ನಿದ್ದೆ ತರಿಸಿದಂತೆ ತೋರಿದರೂ ರಾತ್ರಿಯ ಎರಡನೆಯ ಅರ್ಧವನ್ನು ಚೂರು ಮಾಡುತ್ತದೆ. ಜೋರಾಗಿ ಗೊರಕೆ ಹೊಡೆಯುವವರು, ಉಸಿರು ಕಟ್ಟಿ ಎಚ್ಚರವಾಗುವವರು, ಕಾಲಿನ ಚಡಪಡಿಕೆಯಿಂದ ಮಲಗಲಾಗದವರು ಈ ನಿಯಮಗಳಲ್ಲೇ ತಿಂಗಳುಗಳನ್ನು ಕಳೆಯದೆ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಅವಕ್ಕೆ ಬೇರೆ ಚಿಕಿತ್ಸೆಯಿದೆ.

ಮನಸ್ಸು, ಆಹಾರ, ಔಷಧಿ

ಒತ್ತಡದ ಮಾತು ಬಂದಾಗ ನೋವಿರುವವರು ಮುನಿಸಿಕೊಳ್ಳುವುದಕ್ಕೆ ಸಕಾರಣವಿದೆ. ಎಷ್ಟೋ ಬಾರಿ ಅದು ಅವರ ಮಾತನ್ನು ಅಲ್ಲಗಳೆಯಲು ಬಳಕೆಯಾಗಿದೆ. ಆದರೂ ಕಾರ್ಯಕಾರಣ ಸಂಬಂಧ ಸ್ಪಷ್ಟವಾಗಿದೆ. ಅಪಾಯದ ನಿರೀಕ್ಷೆಯಲ್ಲಿರುವ ದೇಹ ಸ್ನಾಯುಗಳನ್ನು ಬಿಗಿ ಹಿಡಿದಿರುತ್ತದೆ, ಉಸಿರು ಮೇಲ್ಮೇಲೆ ಆಡುತ್ತದೆ, ಗಮನವೆಲ್ಲ ನೋಯುವ ಜಾಗದ ಮೇಲೆ ನೆಟ್ಟಿರುತ್ತದೆ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುವಂತೆ, ಹೆದರಿದ ನರಮಂಡಲಕ್ಕೆ ಸಾಮಾನ್ಯ ಸಂವೇದನೆಯೂ ಅಪಾಯವಾಗಿ ಕಾಣುತ್ತದೆ. ಈ ನೋವು ಎಂದಿಗೂ ಹೋಗುವುದಿಲ್ಲ, ನಾನು ಮೂಲೆ ಸೇರುತ್ತೇನೆ ಎಂಬ ಯೋಚನೆಯ ಸುಳಿ ನೋವನ್ನೂ ಅಸಹಾಯಕತೆಯನ್ನೂ ಹೆಚ್ಚಿಸುತ್ತದೆ. ಅರಿವಿನ ವರ್ತನಾ ಚಿಕಿತ್ಸೆ ಇಂತಹ ಯೋಚನೆಗಳನ್ನು ಗುರುತಿಸಿ ಪರೀಕ್ಷಿಸಲು ಕಲಿಸುತ್ತದೆ; ನೋವಿನೊಡನೆ ಸೆಣಸುವುದನ್ನು ಬಿಟ್ಟು ತನಗೆ ಬೆಲೆಯುಳ್ಳ ಕೆಲಸಗಳತ್ತ ಹೆಜ್ಜೆಯಿಡಲು ಸ್ವೀಕೃತಿ ಮತ್ತು ಬದ್ಧತೆಯ ಚಿಕಿತ್ಸೆ ನೆರವಾಗುತ್ತದೆ. ಜಾನ್ ಕಬತ್ ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿದ ಧ್ಯಾನಾಧಾರಿತ ಕ್ರಮದ ಮೊದಲ ರೋಗಿಗಳಲ್ಲಿ ದೀರ್ಘಕಾಲಿಕ ನೋವಿನವರು ಹಲವರಿದ್ದರು. ಇವುಗಳ ಪರಿಣಾಮ ಪವಾಡವಲ್ಲ, ಸಾಧಾರಣ ಪ್ರಮಾಣದ್ದು. ಆದರೆ ಬದುಕಿನ ಮೇಲೆ ನೋವು ಹಿಡಿದಿರುವ ಪಟ್ಟು ಸಡಿಲವಾಗುವುದಕ್ಕೆ ಆ ಪ್ರಮಾಣವೂ ಸಾಕಾಗುತ್ತದೆ. ದಿನಕ್ಕೆರಡು ಬಾರಿ ಹತ್ತು ನಿಮಿಷ, ಒಳಗೆಳೆಯುವ ಉಸಿರಿಗಿಂತ ಹೊರಬಿಡುವ ಉಸಿರನ್ನು ದೀರ್ಘವಾಗಿಸಿ ಕೂರುವುದು ಯಾರ ನೆರವೂ ಇಲ್ಲದೆ ಆರಂಭಿಸಬಹುದಾದ ಅಭ್ಯಾಸ.

ಆಹಾರದ ವಿಷಯದಲ್ಲಿ ಭರವಸೆಗಳು ಹೆಚ್ಚು, ಪುರಾವೆ ಕಡಿಮೆ. ನೋವನ್ನು ಓಡಿಸುವ ಒಂದು ಪದಾರ್ಥವಿಲ್ಲ. ತರಕಾರಿ, ಹಣ್ಣು, ಕಾಳು, ಇಡಿಧಾನ್ಯ ಹೆಚ್ಚಿರುವ, ಸಕ್ಕರೆಯೂ ಸಂಸ್ಕರಿಸಿದ ತಿನಿಸೂ ಕಡಿಮೆಯಿರುವ ಊಟ ಒಟ್ಟಾರೆ ಆರೋಗ್ಯಕ್ಕೆ ಒಳ್ಳೆಯದು ಎಂಬುದಷ್ಟು ನಿಶ್ಚಿತ. ಸ್ಪಷ್ಟ ಪುರಾವೆಯಿರುವುದು ತೂಕ ಹೆಚ್ಚಿರುವವರ ಮಂಡಿ ಸವೆತದಲ್ಲಿ. ದೇಹದ ತೂಕ ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೊದಷ್ಟು ಇಳಿಯುತ್ತದೆ ಎಂದು 2005ರಲ್ಲಿ ಅಳೆದು ತೋರಿಸಲಾಯಿತು. ಅಮೆರಿಕದಲ್ಲಿ 454 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಹದಿನೆಂಟು ತಿಂಗಳ ಅಧ್ಯಯನದಲ್ಲಿ, ಆಹಾರ ನಿಯಂತ್ರಣ ಮತ್ತು ವ್ಯಾಯಾಮ ಎರಡನ್ನೂ ಪಾಲಿಸಿ ಸುಮಾರು ಹತ್ತನೆಯ ಒಂದು ಭಾಗ ತೂಕ ಇಳಿಸಿದ ಗುಂಪಿನಲ್ಲಿ ಮಂಡಿನೋವು ಅರ್ಧದಷ್ಟು ತಗ್ಗಿತು. ಎರಡರಲ್ಲಿ ಒಂದನ್ನೇ ಮಾಡಿದವರಿಗಿಂತ ಅವರು ಹೆಚ್ಚು ಗುಣ ಕಂಡರು. ತಂಬಾಕಿನ ಕಥೆ ಮೋಸದ್ದು. ನಿಕೊಟಿನ್ ಕೆಲ ನಿಮಿಷ ನೋವನ್ನು ಮಂದಗೊಳಿಸುವುದು ನಿಜ, ಹಾಗಾಗಿ ನೋವು ಹೆಚ್ಚಿದಾಗ ಸಿಗರೇಟಿಗೆ ಕೈ ಹೋಗುತ್ತದೆ. ಆದರೆ ರಕ್ತನಾಳಗಳನ್ನು ಕಿರಿದಾಗಿಸಿ ಅಂಗಾಂಶಗಳ ಪೋಷಣೆಯನ್ನು ಅದು ಕೆಡಿಸುತ್ತದೆ, ಮತ್ತು ಧೂಮಪಾನಿಗಳಲ್ಲಿ ದೀರ್ಘಕಾಲದ ಬೆನ್ನುನೋವು ಹೆಚ್ಚು.

ಔಷಧಿಯನ್ನು ಶತ್ರುವಿನಂತೆ ನೋಡಬೇಕಾಗಿಲ್ಲ. ಚಲಿಸಲು ಬೇಕಾದಷ್ಟು ಬಿಡುವನ್ನು ಅದು ಒದಗಿಸಿದರೆ ದೊಡ್ಡ ಉಪಕಾರ. ಆದರೆ ಎಚ್ಚರಗಳಿವೆ: ತಲೆನೋವಿಗೆ ಸಾಮಾನ್ಯ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಆ ಮಾತ್ರೆಗಳೇ ತಲೆನೋವನ್ನು ಉಳಿಸಬಲ್ಲವು. ಉರಿಯೂತ ತಗ್ಗಿಸುವ ನೋವು ನಿವಾರಕಗಳನ್ನು ಸಲಹೆಯಿಲ್ಲದೆ ದಿನವೂ ಸೇವಿಸಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯ. ಅಫೀಮು ವರ್ಗದ ಔಷಧಿಗಳನ್ನು ದೀರ್ಘಕಾಲ ಬಳಸಿದರೆ ಕೆಲವರಲ್ಲಿ ನೋವಿನ ಸಂವೇದನೆಯೇ ತೀಕ್ಷ್ಣವಾಗುತ್ತದೆ. ಹಾಗೆಂದು ಇದನ್ನೋದಿ ಯಾರೂ ತಮ್ಮ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು. ಖಿನ್ನತೆ ಅಥವಾ ಅಪಸ್ಮಾರದ ಔಷಧಿಗಳನ್ನು ನರನೋವಿಗೆ ಕೊಟ್ಟಿದ್ದಾಗಲಂತೂ ಇಳಿಸುವುದು ವೈದ್ಯರ ಕಣ್ಗಾವಲಿನಲ್ಲಿ, ಮೆಲ್ಲಗೆ ಆಗಬೇಕು.

ಕೆರಳಿದ ದಿನಗಳು, ಜೊತೆಗಿರುವವರು

ಎಷ್ಟೇ ಎಚ್ಚರ ವಹಿಸಿದರೂ ನೋವು ಕೆರಳುವ ದಿನಗಳು ಬಂದೇ ಬರುತ್ತವೆ. ಆರು ವಾರ ಸಾಧಿಸಿದ್ದೆಲ್ಲ ಒಂದೇ ಬೆಳಿಗ್ಗೆ ಕರಗಿಹೋದಂತೆ ಅನಿಸುವ ಆ ಹೊತ್ತಿನಲ್ಲಿಯೇ ಹೆಚ್ಚಿನವರು ಎಲ್ಲವನ್ನೂ ಕೈಬಿಡುವುದು. ಆದ್ದರಿಂದ ಏನು ಮಾಡಬೇಕೆಂಬುದನ್ನು ನೋವಿಲ್ಲದ ದಿನವೇ ಒಂದು ಹಾಳೆಯಲ್ಲಿ ಬರೆದಿಡಬೇಕು: ನಡಿಗೆಯನ್ನು ಅರ್ಧಕ್ಕಿಳಿಸುತ್ತೇನೆ, ನಿಲ್ಲಿಸುವುದಿಲ್ಲ, ಬಿಸಿ ಶಾಖ ಅಥವಾ ತಣ್ಣನೆಯ ಪಟ್ಟಿ, ಯಾವುದು ಹಿತವೋ ಅದನ್ನು ಬಳಸುತ್ತೇನೆ, ಉಸಿರಾಟದ ಅಭ್ಯಾಸವನ್ನು ಒಂದು ಬಾರಿ ಹೆಚ್ಚಿಸುತ್ತೇನೆ, ಯಾವ ಕೆಲಸವನ್ನು ಯಾರಿಗೆ ಒಪ್ಪಿಸುತ್ತೇನೆ, ಎಷ್ಟು ದಿನದ ಮೇಲೆ ಮೊದಲಿನ ಅಳತೆಗೆ ಮರಳುತ್ತೇನೆ. ನೋವು ತಲೆಯನ್ನು ಆವರಿಸಿರುವಾಗ ಯೋಚಿಸುವುದು ಕಷ್ಟ. ಬರೆದಿಟ್ಟದ್ದನ್ನು ಓದಿ ಪಾಲಿಸುವುದು ಸುಲಭ.

ಮನೆಯವರ ಪಾತ್ರ ಸೂಕ್ಷ್ಮವಾದದ್ದು. ನಂಬದಿರುವುದು ಗಾಯದ ಮೇಲೆ ಬರೆ ಎಳೆದಂತೆ. ಅತಿಯಾದ ಕಾಳಜಿಯೂ ತೊಡಕಾಗಬಲ್ಲದು ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಕೈಯಿಂದ ಪ್ರತಿಯೊಂದು ಕೆಲಸವನ್ನೂ ಕಿತ್ತುಕೊಂಡು, ನೀನು ಕೂತಿರು ಎನ್ನುವ ಪ್ರೀತಿ, ನಿನ್ನಿಂದ ಆಗದು ಎಂಬ ಸಂದೇಶವನ್ನೂ ಸೇರಿಸಿ ಕೊಡುತ್ತಿರುತ್ತದೆ. ಇಂದು ಎಷ್ಟು ನೋವಿದೆ ಎಂದು ಗಂಟೆಗೊಮ್ಮೆ ಕೇಳುವುದಕ್ಕಿಂತ, ಜೊತೆಗೆ ಎಂಟು ನಿಮಿಷ ನಡೆದು ಬೇರೆ ಯಾವುದಾದರೂ ಮಾತಾಡಿಕೊಂಡು ಬರುವುದು ಹೆಚ್ಚಿನ ನೆರವು. ಗೆಳೆಯರಿಂದ, ಕೆಲಸದಿಂದ, ಹವ್ಯಾಸದಿಂದ ದೂರವಾಗುವುದು ನೋವಿನ ಪರಿಣಾಮವಾಗಿ ಆರಂಭವಾಗಿ, ಕ್ರಮೇಣ ನೋವನ್ನು ಉಳಿಸುವ ಕಾರಣವಾಗಿಯೂ ಮಾರ್ಪಡುತ್ತದೆ.

ಕೆಲವು ಲಕ್ಷಣಗಳು ಮಾತ್ರ ಈ ಎಲ್ಲ ಚರ್ಚೆಯ ಹೊರಗಿವೆ. ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಂತೆ ಜೋಮು ಹಿಡಿದರೆ, ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಠಾತ್ತಾಗಿ ಸಿಡಿಲೆರಗಿದಂತೆ ಬರುವ ತಲೆನೋವು, ಎದೆನೋವು, ಜ್ವರದೊಂದಿಗಿನ ತೀವ್ರ ನೋವು ಕೂಡ ಹಾಗೆಯೇ ತುರ್ತಿನವು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸ ನೋವು ಕಾಣಿಸಿದರೆ, ಎಷ್ಟು ಹೊರಳಿದರೂ ತಗ್ಗದ ನೋವು ರಾತ್ರಿ ಹೆಚ್ಚುತ್ತಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿದಿದ್ದರೆ ಅದನ್ನೂ ತುರ್ತೆಂದೇ ಭಾವಿಸಿ ಹತ್ತಿರದವರಿಗೂ ವೈದ್ಯರಿಗೂ ಹೇಳಬೇಕು.

ಇನ್ನು, ಈ ಬದಲಾವಣೆಗಳು ಫಲಿಸುತ್ತಿವೆಯೇ ಎಂದು ತಿಳಿಯುವುದು ಹೇಗೆ? ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡುವ ರೂಢಿಯನ್ನು ಮಾತ್ರ ನೆಚ್ಚಿಕೊಂಡರೆ ಹಲವರು ತಮ್ಮ ಸುಧಾರಣೆಯನ್ನು ಕಾಣುವುದೇ ಇಲ್ಲ, ಮತ್ತು ದಿನಕ್ಕೆ ಹತ್ತು ಬಾರಿ ಅಂಕ ಹಾಕುವುದು ಗಮನವನ್ನು ನೋವಿಗೇ ಕಟ್ಟಿಹಾಕುತ್ತದೆ. ವಾರಕ್ಕೊಮ್ಮೆ ಎರಡು ಸಾಲು ಬರೆದರೆ ಸಾಕು. ಮೊದಲ ಸಾಲಿನಲ್ಲಿ ಆ ವಾರದ ನೋವಿನ ಸರಾಸರಿ ಅಂದಾಜು. ಎರಡನೆಯದರಲ್ಲಿ ಆ ವಾರ ಮಾಡಲಾದ ಕೆಲಸ, ಅಂದರೆ ಎಷ್ಟು ನಿಮಿಷ ನಡೆದೆ, ರಾತ್ರಿ ಎಷ್ಟು ಬಾರಿ ಎಚ್ಚರವಾಯಿತು, ಮಗುವನ್ನು ಎತ್ತಿಕೊಂಡೆನೇ, ಗೆಳೆಯರ ಮನೆಗೆ ಹೋದೆನೇ ಎಂಬುದು. ಎರಡು ಮೂರು ತಿಂಗಳ ಹಾಳೆಗಳನ್ನು ಒಟ್ಟಿಗೆ ಹಿಡಿದು ಓದಿದಾಗ, ಮೊದಲ ಸಾಲು ಅಲ್ಲಲ್ಲೇ ತೂಗಾಡುತ್ತಿದ್ದರೂ ಎರಡನೆಯ ಸಾಲು ಉದ್ದವಾಗಿರುವುದು ಕಾಣಿಸಿದರೆ ನರಮಂಡಲ ಕಲಿಯುತ್ತಿದೆ ಎಂದರ್ಥ; ಎರಡೂ ಕದಲದಿದ್ದರೆ ಆ ಹಾಳೆಗಳನ್ನೇ ವೈದ್ಯರ ಅಥವಾ ಫಿಸಿಯೊಥೆರಪಿಸ್ಟರ ಮುಂದಿಟ್ಟು ಆರಂಭದ ಅಳತೆಯನ್ನು ಮತ್ತೊಮ್ಮೆ ಕೂಡಿ ಲೆಕ್ಕ ಹಾಕಬೇಕು.